ನೀರು ಬಿಡುವವರ ಮನೆಯ ಒಲೆ

ನಮ್ಮ ಬೀದಿಗೆ ಈಗ ನೀರು ಬಿಡುವುದು ಬೇರೆಯವರು. ಹೇಳಿದ ಹೊತ್ತಿಗೆ ಬರುತ್ತಾರೆ, ವಾಲ್ವು ತಿರುಗಿಸುತ್ತಾರೆ, ಯಾರ ಮುಖವನ್ನೂ ನೋಡದೆ ಸ್ಕೂಟರ್ ಹತ್ತಿ ಹೋಗುತ್ತಾರೆ. ಸಂಪು ತುಂಬುತ್ತದೆ. ಜಗಳವಿಲ್ಲ, ಕೂಗಾಟವಿಲ್ಲ. ಇಷ್ಟು ಸಲೀಸಾಗಿ ನೀರು ಬರುವುದು ನನಗೆ ಇನ್ನೂ ಒಗ್ಗಿಲ್ಲ. ಹೋದ ತಿಂಗಳು ತೀರಿಕೊಂಡ ನಮ್ಮ ಹಳೆಯ ನೀರು ಬಿಡುವವರ ಕಾಲದಲ್ಲಿ ಕೊಡಿಗೇಹಳ್ಳಿಯ ಈ ಎರಡು ಬೀದಿಗಳಲ್ಲಿ ಒಂದು ಸಣ್ಣ ಪಂಚಾಯಿತಿ ನಡೆಯದೆ ನೀರಿನ ದಿನ ಮುಗಿಯುತ್ತಿರಲಿಲ್ಲ.

ಅವರು ನನ್ನ ಪಕ್ಕದ ಮನೆಯವರು. ಹೆಸರು ಬರೆಯುವುದಿಲ್ಲ. ಬೀದಿಯಲ್ಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವರು ನೀರಣ್ಣ. ಹೆಗಲ ಮೇಲೆ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ, ಮೊಣಕಾಲಿಗೆ ಮಡಚಿದ ಪ್ಯಾಂಟು, ಕಿವಿಯ ಹಿಂದೆ ಒಂದು ಬೆಂಕಿಕಡ್ಡಿ. ಬೀಡಿ ಸೇದುವವರಲ್ಲ. ಯಾರಾದರೂ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಾಗ ಆ ಕಡ್ಡಿ ತೆಗೆದು ಕಿವಿ ಕೆರೆದುಕೊಳ್ಳಲು ಶುರು ಮಾಡುತ್ತಿದ್ದರು. ಕೆರೆಯುವುದು ನಿಂತಿತೆಂದರೆ ಯಾವುದೋ ಒಂದು ನಡುದಾರಿ ಹೊಳೆದಿದೆ ಎಂದೇ ಅರ್ಥ. ಆ ನಡುದಾರಿಗಳಿಂದ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ.

ಮೇಲಿನ ಬೀದಿಗೆ ಒಂದು ದಿನ, ಕೆಳಗಿನ ಬೀದಿಗೆ ಇನ್ನೊಂದು ದಿನ ನೀರು ಬಿಡಬೇಕೆಂದು ನಿಯಮ. ಒಮ್ಮೆ ಬೇಸಿಗೆಯಲ್ಲಿ ಮೇಲಿನ ಬೀದಿಯವರು ಬಂದು ಗೋಗರೆದರು. ಕೆಳಗಿನ ಬೀದಿಯವರು ತಮ್ಮ ದಿನ ಬಿಟ್ಟುಕೊಡುವುದಿಲ್ಲವೆಂದು ಹಟ ಹಿಡಿದರು. ನಮ್ಮ ನೀರಣ್ಣ ಕಿವಿ ಕೆರೆದುಕೊಂಡು ಎರಡೂ ವಾಲ್ವುಗಳನ್ನು ಅರ್ಧರ್ಧ ತಿರುಗಿಸಿದರು. ಮೇಲಿನ ಬೀದಿಗೆ ನೀರು ಏರಲೇ ಇಲ್ಲ, ಕೆಳಗಿನ ಬೀದಿಯ ನಲ್ಲಿಗಳಲ್ಲಿ ದಾರದಷ್ಟು ಬಂತು. ಎರಡು ಬೀದಿಯವರೂ ಸೇರಿ ಉಗಿದರು. ನನಗೂ ರೇಗಿತ್ತು.

"ಏನ್ರೀ ಇದು ನಿಮ್ಮ ನ್ಯಾಯ?" ಎಂದು ಕಾಂಪೌಂಡಿನ ಮೇಲಿಂದಲೇ ಕೇಳಿದೆ.

"ಒಬ್ರಿಗೆ ಕೊಟ್ಟು ಇನ್ನೊಬ್ರಿಗೆ ಇಲ್ಲ ಅನ್ನೋದು ಎಂಗೆ ಟೀಚರ್? ಇಬ್ರಿಗೂ ಬೇಜಾರಾಗ್ಬಾರ್ದು ನೋಡಿ."

"ಈಗ ಇಬ್ಬರಿಗೂ ಬೇಜಾರಾಗಿದೆಯಲ್ಲ?"

"ಆಗ್ಲಿ ಬುಡಿ. ಸಮ ಆಯ್ತಲ್ಲ" ಎಂದು ನಕ್ಕುಬಿಟ್ಟರು.

ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಇನ್ನೊಮ್ಮೆ ಒಂದೇ ಮುಹೂರ್ತಕ್ಕೆ ಎರಡು ಮದುವೆ ಬಿದ್ದಾಗ ಇವರು ಯಲಹಂಕದಲ್ಲಿ ಮೊದಲಿಗೆ ಬಡಿಸುವ ಪಾಯಸದವರೆಗೆ ಉಂಡು, ಎದ್ದು ಬಸ್ಸು ಹಿಡಿದು, ಯಶವಂತಪುರದ ಛತ್ರದಲ್ಲಿ ಅನ್ನ ಸಾರಿಗೆ ಕೂತವರು. ಎರಡೂ ಕಡೆ "ಊಟ ಮಾಡ್ದೆ ಓದ್ನಲ್ಲ" ಎಂದು ಮಾತು ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಇವರ ಕೈಯಲ್ಲಿ ಸಾಮಾನ್ಯವಾಗಿ ಕೋಲು ಮುರಿಯುತ್ತಿತ್ತು, ಹಾವು ಹಾಗೇ ಇರುತ್ತಿತ್ತು.

ಬೀದಿಯ ಜಗಳ ಬೀದಿಯಲ್ಲೇ ಮುಗಿಯುತ್ತದೆ. ಮನೆಯದು ಹಾಗಲ್ಲ. ಮನೆಯಲ್ಲಿ ಅವರ ತಾಯಿ ಇದ್ದರು, ಹೆಂಡತಿ ಇದ್ದರು. ಮಕ್ಕಳಿರಲಿಲ್ಲ. ಯುಗಾದಿಗೆ ಇಬ್ಬರಿಗೂ ಒಂದೇ ಅಂಗಡಿಯಲ್ಲಿ ಒಂದೇ ಬಣ್ಣದ ಸೀರೆ ತರುತ್ತಿದ್ದರು. ಅಜ್ಜಿಗೆ ಸೊಸೆಯದೇ ಬಣ್ಣ ಉಡುವುದು ಅವಮಾನ, ಸೊಸೆಗೆ ಮುದುಕಿಯ ಬಣ್ಣ ಬೇಡ. ಎರಡು ಸೀರೆಯೂ ಬೀರು ಸೇರುತ್ತಿದ್ದವು. ಹೆಂಡತಿ ನಗುವ ಹೆಂಗಸು. ಒಗೆದ ಬಟ್ಟೆ ಹರವುತ್ತಾ ಇದನ್ನೆಲ್ಲ ನನಗೆ ಅಭಿನಯಿಸಿ ತೋರಿಸುತ್ತಿದ್ದಳು. ನಗು ಕೆಮ್ಮಾಗುತ್ತಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ, ಹಗ್ಗ ಹಿಡಿದುಕೊಂಡು ಹಾಗೇ ಬಗ್ಗಿ ನಿಲ್ಲುತ್ತಿದ್ದಳು.

ಒಮ್ಮೆ ಆ ಕೆಮ್ಮಿನ ನಡುವೆಯೇ, "ನಮ್ಮನೇಲಿ ಎಲ್ಲಾನೂ ಅರ್ಧರ್ಧ ಕಣಕ್ಕ. ನಂಗೆ ಉಸಿರೂ ಅರ್ಧಾನೇ" ಎಂದಳು. ನಾನು ನಗಬೇಕೆಂದು ಹೇಳಿದ್ದು. ನನಗೆ ನಗು ಬರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಅವರ ಮನೆ ಈ ಊರು ಹಳ್ಳಿಯಾಗಿದ್ದಾಗ ಕಟ್ಟಿದ್ದು. ಅಡುಗೆಮನೆಯ ಒಂದು ಗೋಡೆಯ ಉದ್ದಕ್ಕೂ ಮಣ್ಣಿನ ಕಟ್ಟೆ, ಅದರಲ್ಲಿ ಎರಡು ದೊಡ್ಡ ಒಲೆ, ಪಕ್ಕದಲ್ಲಿ ಹಾಲು ಕಾಯಿಸಲು ಒಂದು ಸಣ್ಣದು, ಮೇಲೆ ಇಟ್ಟಿಗೆಯಲ್ಲಿ ಕಟ್ಟಿದ ಹೊಗೆಗೂಡು. ಕಟ್ಟೆಗೆ ಕೆಮ್ಮಣ್ಣು ಸಾರಿಸಿ, ಅಂಚಿಗೆ ಸುಣ್ಣದ ಗೆರೆ ಎಳೆದರೆ ನೋಡಲು ಲಕ್ಷಣವಾಗಿರುತ್ತಿತ್ತು. ಆದರೆ ಸುತ್ತ ಮೂರು ಕಡೆ ಅಪಾರ್ಟ್‌ಮೆಂಟು ಎದ್ದ ಮೇಲೆ ಹೊಗೆಗೂಡಿಗೆ ಗಾಳಿ ಎಳೆಯುವುದೇ ನಿಂತುಹೋಯಿತು. ಹೊಗೆ ಮೇಲೆ ಹೋಗುವ ಬದಲು ಒಳಗೇ ಕುಸಿದು ಬೀಳುತ್ತಿತ್ತು. ಸೌದೆಯೂ ಹಿಂದಿನ ಸೌದೆಯಲ್ಲ; ಮನೆ ಕಟ್ಟುವ ಕಡೆಗಳಿಂದ ತಂದ ಸೆಂಟ್ರಿಂಗ್ ಹಲಗೆ, ಬಣ್ಣ ಅಂಟು ಮೆತ್ತಿದ ಪ್ಲೈವುಡ್ ಚೂರು. ಅದು ಉರಿದರೆ ನಮ್ಮ ಮನೆಯಲ್ಲಿ ಕೂತ ನನಗೇ ಗಂಟಲು ಕೆರೆಯುತ್ತಿತ್ತು.

ಗ್ಯಾಸ್ ಒಲೆ ಇರಲಿಲ್ಲವೇ? ಇತ್ತು. ಜಗಲಿಯಲ್ಲಿ ಒಂದು ಸ್ಟೂಲಿನ ಮೇಲೆ ಇತ್ತು. ಅದರ ಮೇಲೆ ಕಾಫಿ ಮಾತ್ರ. ಮುದ್ದೆ, ಸಾರು, ಅನ್ನ ಒಳಗಿನ ಒಲೆಯಲ್ಲೇ ಆಗಬೇಕು. ಇದೂ ನಮ್ಮವರ ನಡುದಾರಿಯೇ. ಆ ಒಲೆಯ ಬೆಂಕಿ ಅಜ್ಜಿ ಮದುವೆಯಾಗಿ ಬಂದಾಗಿನಿಂದ ಆರಿಲ್ಲವಂತೆ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚುವುದು, ಬೆಳಿಗ್ಗೆ ಕೆದಕಿ ಊದುವುದು. ಅಜ್ಜಿಗೆ ಬಗ್ಗಲು ಆಗದ ಮೇಲೆ ಊದುವ ಕೆಲಸ ಸೊಸೆಯ ಪಾಲಿಗೆ ಬಂತು. ಊದುವುದಕ್ಕೆ ಬೇಕಾದ ಉಸಿರು ಅವಳಲ್ಲಿ ಎಲ್ಲಿತ್ತು?

ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಹಿಡಿದು, ಈ ಹೊಗೆಯಲ್ಲೇ ಇದ್ದರೆ ಇನ್ನೊಂದು ಚಳಿಗಾಲ ಕಳೆಯುವುದು ಕಷ್ಟ ಎಂದರು. ಆಗಿನಿಂದ ನೀರಣ್ಣನವರ ಮುಖದ ನಗು ಹೋಯಿತು. ಅಡುಗೆಮನೆಗೆ ಟೇಬಲ್ ಫ್ಯಾನ್ ಇಟ್ಟರು. ಅದು ಬೂದಿಯನ್ನು ಸಾರಿನ ಪಾತ್ರೆಗೆ ತುಂಬಿತು. ಹೊಗೆಗೂಡಿಗೆ ತಗಡಿನ ಕೊಳವೆ ಸಿಕ್ಕಿಸಿದರು. ಪಕ್ಕದ ಅಪಾರ್ಟ್‌ಮೆಂಟಿನವರು ಬಂದು ಗಲಾಟೆ ಮಾಡಿದರು. ತಾವೇ ಬೆಳಿಗ್ಗೆ ಎದ್ದು ಒಲೆ ಊದಲು ಕೂತರು. ಗಂಡಸು ಒಲೆ ಮುಂದೆ ಕೂತದ್ದಕ್ಕೆ ಅಜ್ಜಿ ಅನ್ನ ಬಿಟ್ಟರು. ಆಕೆ ಮಾತ್ರ ಮಲಗಲಾರದೆ, ಗೋಡೆಗೆ ಒರಗಿ, ಮಡಿಲಲ್ಲಿ ದಿಂಬು ಇಟ್ಟುಕೊಂಡು ಕೂತೇ ರಾತ್ರಿ ಕಳೆಯುತ್ತಿದ್ದಳು. ಬೆನ್ನು ಕೆಳಗಿಟ್ಟರೆ ಉಸಿರು ಕಟ್ಟುತ್ತಿತ್ತು.

ಒಂದು ಮಧ್ಯಾಹ್ನ ಅವರು ವಾಲ್ವಿನ ಕೀಲಿಯನ್ನು ನಮ್ಮ ಗೇಟಿಗೆ ಒರಗಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ನೀರು ಕೊಟ್ಟರೆ ಕುಡಿಯಲಿಲ್ಲ.

"ಅವ್ಳು ಮಲಗ್ಬೇಕು ಟೀಚರ್. ಬೆನ್ನು ನೆಲಕ್ಕಾಕಿ ಒಂದೇ ಒಂದು ನಿದ್ದೆ ಮಾಡ್ಬೇಕು. ಅಷ್ಟು ನೋಡ್ಬುಟ್ರೆ ನಂಗೆ ಇನ್ನೇನೂ ಬ್ಯಾಡ."

"ಒಲೆ ಕಿತ್ತು ಹಾಕ್ರೀ. ನಾಳೆಯೇ ಕೀಳಿಸಿ" ಎಂದೆ.

"ಅವ್ವ?"

"ಅವ್ವ ಎರಡು ದಿನ ಬೈತಾರೆ, ಸುಮ್ಮನಾಗ್ತಾರೆ."

ಕಿವಿ ಕೆರೆದುಕೊಳ್ಳಲಿಲ್ಲ. ಎರಡೂ ಅಂಗೈ ಮುಖಕ್ಕೆ ಒತ್ತಿಕೊಂಡು ಅತ್ತರು. ಊರೆಲ್ಲ ಉಗಿದಾಗ ನಕ್ಕ ಮನುಷ್ಯ ಹಾಗೆ ಅತ್ತದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಅಜ್ಜಿಯನ್ನು ಅವರು ಹೇಗೆ ಒಪ್ಪಿಸಿದರೋ. ಕಾಲು ಹಿಡಿದರೆಂದು ಆಕೆ ಹೇಳಿದಳು. ಸಂಕ್ರಾಂತಿ ಕಳೆದ ಮೇಲೆ ಒಂದು ಒಳ್ಳೆಯ ದಿನ ನೋಡಿ ಒಲೆ ಕೀಳಬಹುದು, ಆದರೆ ಬೆಂಕಿ ಆರಕೂಡದು ಎಂದು ಅಜ್ಜಿಯ ಕರಾರು. ಕೆಂಡ ತೆಗೆದಿಟ್ಟು, ಮನೆಯಾಕೆ, ಅಂದರೆ ಸೊಸೆ, ಅದನ್ನು ಕಾಯಬೇಕು. ಅದರಿಂದಲೇ ಬತ್ತಿ ಹೊತ್ತಿಸಿ ಹೊಸ ಒಲೆ ಹಚ್ಚಬೇಕು. ಕೆಂಡವೂ ಮನೆಯಾಕೆಯೂ ಹೊಸ್ತಿಲು ದಾಟುವಂತಿಲ್ಲ. ಇದನ್ನು ಹೇಳಲು ಬಂದಾಗ ನಮ್ಮವರ ಮುಖ ಬೆಳಗುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವ್ವ ಮತ್ತು ಹೆಂಡತಿ ಒಂದೇ ಮಾತಿಗೆ ಹೂಂ ಅಂದಿದ್ದರು.

ಆ ದಿನ ಬೆಳಿಗ್ಗೆ ಅಜ್ಜಿ ಒಲೆಗೆ ಅರಿಸಿನ ಕುಂಕುಮ ಇಟ್ಟು, ಹೂವು ಮುಡಿಸಿ, ಕೈ ಮುಗಿದು, ಕಣ್ಣೊರೆಸಿಕೊಂಡು ನಮ್ಮ ಜಗಲಿಗೆ ಬಂದು ಕೂತರು. ಅವರ ಮನೆಯಲ್ಲಿ ಅಡುಗೆ ಆಗುವಂತಿರಲಿಲ್ಲ. ನಾನು ಊಟ ಕಳಿಸುತ್ತೇನೆಂದಿದ್ದಕ್ಕೆ, "ಸಾವಾದ ಮನೇಗೆ ಅನ್ನ ಕಳಿಸ್ತಾರೆ ಕಣವ್ವ, ನಮ್ಗ್ಯಾಕೆ" ಎಂದು ಅಜ್ಜಿ ತಡೆದಿದ್ದರು. ಕೊನೆಗೆ ಅವರದೇ ಅಕ್ಕಿ, ಅವರದೇ ಎಣ್ಣೆ, ನನ್ನ ಮನೆಯ ಒಲೆ ಎಂದು ಇತ್ಯರ್ಥವಾಯಿತು. ಯಾರು ಇತ್ಯರ್ಥ ಮಾಡಿದರೆಂದು ಬೇರೆ ಹೇಳಬೇಕಿಲ್ಲ.

ಮೇಸ್ತ್ರಿ ಹೊಗೆಗೂಡಿಗೆ ಮೊದಲ ಏಟು ಹಾಕಿದ ಕೂಡಲೇ ಮಸಿ ಬುಟ್ಟಿಗಟ್ಟಲೆ ಸುರಿಯಿತು. ಆಕೆಯನ್ನು ನಮ್ಮ ಮನೆಗೆ ಕಳಿಸಿ ಎಂದು ನಾನು ಎರಡನೆಯ ಸಲ ಕೇಳಿದೆ.

"ಅವ್ಳು ಒಸ್ಲು ದಾಟಿದ್ರೆ ಬೆಂಕಿ ಯಾರು ಕಾಯ್ತಾರೆ?" ಎಂದು ಅಜ್ಜಿ ಕೂತಲ್ಲಿಂದಲೇ ಕೇಳಿದರು.

ನಮ್ಮವರು ಇಬ್ಬರ ಮುಖವನ್ನೂ ನೋಡಿದರು. ಕಡ್ಡಿ ತೆಗೆದು ಕಿವಿ ಕೆರೆದುಕೊಂಡರು. ಆಮೇಲೆ ಓಡಾಡತೊಡಗಿದರು. ನಡುಮನೆಯ ಪಕ್ಕದ ಸಣ್ಣ ಕೋಣೆ, ಆಕೆ ಮಲಗುವ, ಅಂದರೆ ಕೂರುವ ಕೋಣೆ. ಅದರ ಕಿಟಕಿಗೆ ಪೇಪರು ಇಟ್ಟು ಟೇಪು ಅಂಟಿಸಿದರು. ಬಾಗಿಲ ಕೆಳಗಿನ ಸಂದಿಗೆ ಒದ್ದೆ ದುಪ್ಪಟಿ ತುರುಕಲು ಇಟ್ಟುಕೊಂಡರು. ಒಂದು ಚೂರು ಧೂಳೂ ಒಳಗೆ ಹೋಗಬಾರದು. ಮೇಸ್ತ್ರಿಯ ಬಾಂಡ್ಲಿಯಲ್ಲಿ ಬೂದಿ ಹರಡಿ, ಅದರ ಮೇಲೆ ಒಲೆಯ ಕೆಂಡ ಹಾಕಿ, ಆರದಿರಲೆಂದು ಇದ್ದಿಲು ಸೇರಿಸಿ, ಆಕೆಯ ಚಾಪೆಯ ಪಕ್ಕಕ್ಕೆ ತಂದಿಟ್ಟರು.

"ಬೆಂಕಿ ಬೇಕಾ ರೀ ಇವಳ ಪಕ್ಕದಲ್ಲಿ?" ಎಂದೆ.

"ಹೊಗೆ ಎಲ್ಲೈತೆ ನೋಡಿ ಟೀಚರ್. ಬರೀ ಕೆಂಡ."

ನೋಡಿದೆ. ಹೊಗೆಯ ಒಂದು ಎಳೆಯೂ ಇರಲಿಲ್ಲ. ಇಷ್ಟು ವರ್ಷ ನಾವೆಲ್ಲ ಹೊಗೆಯನ್ನೇ ಶತ್ರು ಎಂದುಕೊಂಡವರು. ಕಣ್ಣಿಗೆ ಕಾಣದ್ದಕ್ಕೆ ಯಾರು ಹೆದರುತ್ತಾರೆ? ಆಕೆ ಚಳಿಗೆ ಎರಡೂ ಕೈಯನ್ನು ಕೆಂಡದ ಮೇಲೆ ಚಾಚಿ, "ಬೆಚ್ಚಗೈತೆ ಕಣಕ್ಕ. ಚಿತ್ರಾನ್ನಕ್ಕೆ ಕಡ್ಲೇಬೀಜ ಜಾಸ್ತಿ ಹಾಕಿ" ಎಂದಳು. ಬಾಗಿಲು ಮುಚ್ಚಿದರು.

ನಾನು ಅಡುಗೆ ಮುಗಿಸುವ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಬಂದು ನಿಂತರು. ತಲೆಯಿಂದ ಕಾಲಿನವರೆಗೆ ಮಸಿ. ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಪಿಸುಮಾತಿನಲ್ಲಿ ಕೂಗಿದರು. ಪಿಸುಮಾತಿನಲ್ಲೂ ಕೂಗಬಹುದೆಂದು ನನಗೆ ಅವತ್ತೇ ಗೊತ್ತಾದದ್ದು.

"ಟೀಚರೇ, ಮಲಗವ್ಳೆ! ಬೆನ್ನಾಕಿ ಮಲಗವ್ಳೆ! ಬಾಗ್ಲು ಹಲಗೆ ಸಂದೀಲಿ ನೋಡ್ದೆ. ಒಲೆ ಕಿತ್ತಿದ್ದೇ ತಡ, ನೋಡಿ!"

ಮೇಸ್ತ್ರಿಗೆ ಹಾರೆ ಕೆಳಗಿಡಲು ಹೇಳಿದರಂತೆ. ಸದ್ದಾದರೆ ಎಚ್ಚರವಾಗುತ್ತದಲ್ಲ. ಕಟ್ಟೆ ಪೂರ್ತಿ ಕಿತ್ತಾಗಿತ್ತು, ಗ್ಯಾಸಿನ ಒಲೆಗೆ ಕಡಪ ಕಲ್ಲು ಕೂರಿಸುವುದಷ್ಟೇ ಉಳಿದಿತ್ತು. ಆಮೇಲೆ ಮಾಡೋಣವೆಂದು ಮೇಸ್ತ್ರಿಯನ್ನು ಕರೆದುಕೊಂಡು ಅಂಗಳದಲ್ಲಿ ಕೂತರು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿದರೆ ಓಡಿಹೋಗಿ ಬಾಯಿಗೆ ಬೆರಳಿಟ್ಟು ಅವನನ್ನು ಮುಂದೆ ಕಳಿಸಿದರು. ಅಜ್ಜಿಯ ಹತ್ತಿರ ಬಂದು, "ಅವ್ವಾ, ಮಲಗವ್ಳೆ" ಎಂದರು. ಅಜ್ಜಿಯೂ, "ಮಲಗ್ಲಿ ಬುಡು, ಪಾಪ" ಎಂದರು. ಅಜ್ಜಿಯ ಬಾಯಲ್ಲಿ ಸೊಸೆಗೆ ಪಾಪ ಎಂಬ ಮಾತು ನಾನು ಕೇಳಿದ್ದು ಅದೊಂದೇ ಸಲ.

ಊಟಕ್ಕೆ ಎಬ್ಬಿಸೋಣವೆಂದು ನಾನು ತಟ್ಟೆ ಹಿಡಿದು ಹೋದೆ. ಬೇಡ, ಇನ್ನೊಂದು ಗಳಿಗೆ ಮಲಗಲಿ ಎಂದರು. ಆಕೆಗೆ ಮಾತ್ರೆ ನುಂಗುವ ಹೊತ್ತೂ ಮೀರಿತ್ತು, ಅದಕ್ಕೆ ಒಪ್ಪಿದರು. ದುಪ್ಪಟಿ ಸರಿಸಿ ಬಾಗಿಲು ತೆರೆದಾಗ ಒಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಂತು, ವಾಸನೆಯೇನೂ ಇಲ್ಲ. ಆಕೆ ಅಂಗಾತ ಮಲಗಿದ್ದಳು. ಯಾವಾಗಲೂ ಬೂದಿ ಬಡಿದಂತಿರುತ್ತಿದ್ದ ಮುಖ ಕೆಂಪಗೆ, ಕಾಯಿಲೆಯೇ ಇಲ್ಲದವರ ಹಾಗೆ ಇತ್ತು. ನಾನು ಕರೆದೆ. ಅವರು ಕರೆದರು. ಭುಜ ಹಿಡಿದು ಅಲುಗಿಸಿದರು. ತಲೆ ಒಂದು ಕಡೆಗೆ ವಾಲಿತು.

ಮುಂದಿನದು ನನಗೆ ಸರಿಯಾಗಿ ಅನುಕ್ರಮವಾಗಿ ನೆನಪಿಲ್ಲ. ಅವರು ಕೆಂಡದ ಬಾಂಡ್ಲಿಯನ್ನು ಒದ್ದದ್ದು, ಬರಿಗೈಯಲ್ಲಿ ಎತ್ತಿ ಅಂಗಳಕ್ಕೆ ಎಸೆದದ್ದು, ಆಕೆಯನ್ನು ಮಗುವಿನ ಹಾಗೆ ಹೊತ್ತುಕೊಂಡು ಬೀದಿಗೆ ಓಡಿದ್ದು. ಆಟೋದಲ್ಲಿ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಅಲುಗಾಡದೆ ನಿಂತಿದ್ದವು. ಅವರು ಇಳಿದು ಸುಟ್ಟ ಕೈಯಿಂದ ಕಾರುಗಳ ಬಾನೆಟ್ ಬಡಿಯುತ್ತಾ, "ದಾರಿ ಬುಡ್ರೋ, ನಿಮ್ ಕಾಲ್ ಹಿಡ್ಕೊಂತೀನಿ ದಾರಿ ಬುಡ್ರೋ" ಎಂದು ಅರಚುತ್ತಾ ಆಟೋದ ಮುಂದೆ ಓಡಿದರು.

ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ತುಂಬುತ್ತದೆ ಎಂದು ಡಾಕ್ಟರು ಇಬ್ಬರಿಗೂ ಹೇಳಿದರು. ಪೊಲೀಸರು ಬಂದು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ನೀರಣ್ಣ ಪೊಲೀಸರ ಜೊತೆ ಆಚೆ ಹೋದಾಗ ನಾನು ಡಾಕ್ಟರನ್ನು, ಇನ್ನೂ ಮೊದಲೇ ಬಾಗಿಲು ತೆರೆದಿದ್ದರೆ ಎಂದು ಕೇಳಿದೆ. ಮಲಗಿದ್ದನ್ನು ನೋಡಿದಾಗಲೇ ತಂದಿದ್ದರೆ ಉಳಿಸಬಹುದಿತ್ತು ಎಂದರು. ಆ ಮಾತನ್ನು ನಾನು ಅಲ್ಲೇ ನುಂಗಿಕೊಂಡೆ.

ಹೊರಗೆ ಬಂದಾಗ ಅವರು ಬ್ಯಾಂಡೇಜು ಸುತ್ತಿದ ಕೈಯಲ್ಲೇ ನನಗೆ ಕೈ ಮುಗಿದರು.

"ಅವ್ವಂಗೆ ಕೆಂಡದ ವಿಷ್ಯ ಹೇಳ್ಬ್ಯಾಡಿ ಟೀಚರ್. ಧೂಳಿಂದ ಉಸಿರು ಕಟ್ತು ಅಂತ ಹೇಳಾಣ. ಗೊತ್ತಾದ್ರೆ ಅವ್ವ ಉಳಿಯಾಕಿಲ್ಲ."

ಹಾಗೆಯೇ ಹೇಳಿದೆವು. ಅಜ್ಜಿ ನಂಬಿದರು. ನಂಬಿ, ತಮ್ಮದೇ ಲೆಕ್ಕದಲ್ಲಿ ತೀರ್ಪು ಕೊಟ್ಟರು: "ಒಲೆ ಕಿತ್ತ, ಬೆಂಕಿ ಆರಿಸ್ದ, ಎಂಡ್ರುನ್ನ ತಿಂದ್ಕೊಂಡ." ಬಂದವರ ಮುಂದೆಲ್ಲ ಇದೇ ಮಾತು. ಪುಟ್ಟೇನಹಳ್ಳಿಯಿಂದ ಬಂದ ಆಕೆಯ ಅಣ್ಣ ಹೆಣದ ಮುಂದೆಯೇ ಇವರ ಕೊರಳಪಟ್ಟಿ ಹಿಡಿದು, ಧೂಳಲ್ಲಿ ಕೂಡಿಹಾಕಿ ಕೊಂದೆಯಲ್ಲೋ ಎಂದು ಕೆನ್ನೆಗೆ ಹೊಡೆದ. ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿದರು. ಆ ನೋಟಕ್ಕೆ ನನ್ನ ಬಾಯಿ ಮುಚ್ಚಿಕೊಂಡಿತು. ಎಲ್ಲರಿಗೂ ಎಲ್ಲವನ್ನೂ ಹಂಚಿಕೊಟ್ಟ ಮನುಷ್ಯ ಇದೊಂದನ್ನು ಮಾತ್ರ ಯಾರಿಗೂ ಹಂಚದೆ ತಾವೇ ಇಟ್ಟುಕೊಂಡರು.

ತಿಥಿ ಕಳೆದ ಮೇಲೆ ಕಡಪ ಕಲ್ಲು ಕೂರಿಸಿದರು. ಗ್ಯಾಸ್ ಒಲೆ ಬಂದು ಕೂತಿತು. ಬೆಂಕಿಪೊಟ್ಟಣದಿಂದಲೇ ಹಚ್ಚಿದರು. ತಾಯಿಗೆ ಮುದ್ದೆ ತೊಳಸುವುದನ್ನು ಅವರೇ ಕಲಿತರು. ಗಂಡಸು ಒಲೆ ಮುಂದೆ ನಿಂತದ್ದಕ್ಕೆ ಈಗ ಅಜ್ಜಿ ಏನೂ ಅನ್ನಲಿಲ್ಲ. ಉಣ್ಣುವಾಗ ಮಾತ್ರ ಒಂದೊಂದು ತುತ್ತಿಗೂ ಶಾಪ ಹಾಕುತ್ತಿದ್ದರು. ಅವರು ಪಕ್ಕದಲ್ಲಿ ಕೂತು ಸಾರು ಬಡಿಸುತ್ತಿದ್ದರು. ಗೋಡೆಯಾಚೆ ಕೂತು ಅದನ್ನು ಕೇಳುವುದು ನನಗೇ ಹಿಂಸೆಯಾಗುತ್ತಿತ್ತು. ಒಮ್ಮೆ ತಡೆಯಲಾರದೆ, "ಎಷ್ಟು ದಿನ ಹೀಗೆ? ನಾನೇ ಹೇಳಿಬಿಡ್ತೀನಿ" ಎಂದೆ.

"ಅವ್ವ ಮಗನ್ನ ಬೈಕೊಂಡು ಬದುಕ್ತಾಳೆ ಟೀಚರ್. ತನ್ನನ್ನ ಬೈಕೊಂಡ್ರೆ ಬದುಕಾಕಿಲ್ಲ" ಎಂದರು.

ಅಜ್ಜಿ ಹಾಗೆ ಬೈಯುತ್ತಲೇ ಕೆಲವು ವರ್ಷ ಬದುಕಿದರು, ಹೋದ ದೀಪಾವಳಿಯ ಹಿಂದೆಮುಂದೆ ನಿದ್ದೆಯಲ್ಲೇ ಹೋದರು. ಆಮೇಲೆ ನೀರಣ್ಣ ಬಹಳ ಇಳಿದುಹೋದರು. ವಾಲ್ವಿನ ಕೀಲಿ ಹೊತ್ತು ನಡೆಯಲು ಆಗದೆ ಎಳೆದುಕೊಂಡು ಬರುತ್ತಿದ್ದರು. ಎದೆನೋವು ಎನ್ನುತ್ತಿದ್ದರು, ಆಸ್ಪತ್ರೆಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ಆ ಆಸ್ಪತ್ರೆಯ ದಾರಿಯನ್ನೇ ಅವರು ಮತ್ತೆ ತುಳಿಯಲಿಲ್ಲ.

ಸಾಯುವುದಕ್ಕೆ ಕೆಲವು ದಿನ ಮುಂಚೆ, ಸಂಜೆ, ನೀರು ಬಿಟ್ಟು ಬಂದು ನನ್ನ ಜಗಲಿಯ ಮೇಲೆ ಕೂತರು. ನಾನು ಕಾಫಿ ಕೊಟ್ಟೆ. ಲೋಟ ಹಿಡಿದು ಅವರೇ ಶುರು ಮಾಡಿದರು.

"ಆವತ್ತು ಅಂಗಳದಾಗೆ ಕೂತಿದ್ನಲ್ಲ ಟೀಚರ್, ಮೇಸ್ತ್ರಿ ಜೊತೆ. ಅಷ್ಟು ಖುಷಿ ನಂಗೆ ಮದ್ವೆ ದಿನಾನೂ ಆಗಿರ್ಲಿಲ್ಲ. ಅವ್ಳು ಒಳಗೆ ಸಾಯ್ತಾವ್ಳೆ, ನಾನು ಈಚೆ ಖುಷಿಯಾಗಿ ಕೂತಿವ್ನಿ."

ಅವರ ಕೈಯಿಂದ ಲೋಟ ತೆಗೆದು ಕೆಳಗಿಟ್ಟೆ.

"ಒಂದು ಮಾತು ಕೇಳ್ತೀನಿ. ಸಂದೀಲಿ ನೋಡ್ದಾಗ್ಲೇ ಎಬ್ಬಿಸಿದ್ರೆ, ಬದುಕ್ತಿದ್ಲಾ?"

"ಇಲ್ಲ" ಎಂದೆ. "ಆಗಲೇ ಹೋಗಿಬಿಟ್ಟಿದ್ದಳು. ನೀವು ಎಬ್ಬಿಸಿದ್ದರೂ ಏಳುತ್ತಿರಲಿಲ್ಲ."

ತಲೆಯಾಡಿಸಿದರು. ಎದ್ದು ನಿಂತು, ಕಬ್ಬಿಣದ ಕೀಲಿಯನ್ನು ಹೆಗಲಿಗೆ ಏರಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಅದನ್ನು ನೆಲಕ್ಕೆ ಊರಿಕೊಂಡು ನನ್ನ ಮುಖ ನೋಡಿದರು.

"ಡಾಕ್ಟ್ರು ನಂಗೂ ಹೇಳಿದ್ರು ಟೀಚರ್, ಆವತ್ತೇ. ಯಾರ್ ಬಾಯಿಂದಾದ್ರೂ ಒಂದ್ಸಲ ಇಲ್ಲ ಅಂತ ಕೇಳ್ಬೇಕು ಅನ್ನಿಸ್ತಿತ್ತು."